ಕಲೆಗೆ ಮನ್ನಣೆ, ಕಲಾವಿದೆಗೆ?

ಕಲೆಯನ್ನು ಕೊಂಡಾಡಿ ಕಲಾವಿದೆಯನ್ನು ಹೀನವಾಗಿ ಕಾಣುವುದು ನ್ಯಾಯವೇ? ಇದು ಇಂದು ಹುಟ್ಟಿದ ಪ್ರಶ್ನೆಯಲ್ಲ. ವಿಜಯನಗರ ಹಾಗೂ ಕೆಳದಿ ಅರಸರ ಕಾಲದ ಜನಜೀವನವನ್ನು ಅವಲೋಕಿಸಿದರೆ ಇದರ ಬೇರು ಎಷ್ಟು ಆಳಕ್ಕಿಳಿದಿದೆಯೆಂಬುದು ಮನದಟ್ಟಾಗುತ್ತದೆ.

ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಅರಮನೆಯ ನಾಟ್ಯಶಾಲೆಯನ್ನು ವರ್ಣಿಸಿದ್ದಾನೆ. ಅಲ್ಲಿನ ಫಲಕಗಳಲ್ಲಿ ನೃತ್ಯದ ಕೊನೆಯ ಭಂಗಿಗಳನ್ನು ಕೆತ್ತಲಾಗಿತ್ತು. ಕಲಿಯುವವಳು ಮರೆತರೆ ಅವುಗಳನ್ನು ನೋಡಿ ತಿದ್ದಿಕೊಳ್ಳಬೇಕು. ಮೈಯನ್ನು ಹದಗೊಳಿಸಿಕೊಳ್ಳುವುದಕ್ಕೂ ಅಲ್ಲಿ ಪ್ರತ್ಯೇಕ ಸ್ಥಳವಿತ್ತು. ಇದು ವಿಲಾಸವಲ್ಲ, ಸಾಧನೆ.

ದೇವಾಲಯದ ನರ್ತಕಿಯರ ವಿಷಯದಲ್ಲಿ ಅವನ ಮಾತುಗಳು ಇನ್ನೂ ವಿಚಾರಾರ್ಹವಾಗಿವೆ. ಅವರು ನಗರದ ಉತ್ತಮ ಬೀದಿಗಳಲ್ಲಿ ವಾಸಿಸುತ್ತಿದ್ದರು. ಎಂತಹ ಪದವಿಯವರಿಗೂ ಇಲ್ಲದ ಹಕ್ಕೊಂದು ಅವರಿಗಿತ್ತು: ರಾಣಿಯರ ಸನ್ನಿಧಿಗೆ ಹೋಗಿ ಅವರೊಡನೆ ತಾಂಬೂಲ ಮೆಲ್ಲಬಹುದಾಗಿತ್ತು. ಆದರೆ ಅವರಿಗೆ ಹುಟ್ಟಿದ ಹೆಣ್ಣುಮಕ್ಕಳೆಲ್ಲರೂ ದೇವಾಲಯಕ್ಕೇ ಸೇರತಕ್ಕವರು. ಅವರನ್ನು ಶೀಲಗೆಟ್ಟವರೆಂದು ಕರೆಯುವ ಪಾಯೆಸನೇ, ಅವರ ಮನೆಗೆ ಹೋದ ಗೃಹಸ್ಥನಿಗೆ ಅಪವಾದವಿಲ್ಲವೆಂದೂ ಬರೆಯುತ್ತಾನೆ. ಒಂದೇ ಹೊಸ್ತಿಲು, ದಾಟಿದವನು ನಿರ್ದೋಷಿ, ಒಳಗಿದ್ದವಳು ದೋಷಿ!

ಸ್ತ್ರೀಯರು ಕೇವಲ ಕುಣಿದು ಹಾಡಿದವರಲ್ಲ. ಕಂಪಣನ ಮಧುರಾ ವಿಜಯವನ್ನು ಕಾವ್ಯವಾಗಿಸಿದವಳು ಅವನ ರಾಣಿ ಗಂಗಾದೇವಿ. ಅಚ್ಯುತರಾಯನ ಆಸ್ಥಾನದಲ್ಲಿ ತಿರುಮಲಾಂಬೆ 'ವರದಾಂಬಿಕಾ ಪರಿಣಯ' ರಚಿಸಿದಳು. ದೇವಾಲಯದ ಸೇವೆಯಲ್ಲಿದ್ದ ಸ್ತ್ರೀಯರು ತಮ್ಮ ಗಳಿಕೆಯನ್ನು ದೇವರ ಸೇವೆಗೆ ಅರ್ಪಿಸಿದುದಕ್ಕೆ ತಿರುಪತಿಯ ಶಾಸನಗಳೇ ಸಾಕ್ಷಿ. ಕೊಡುವ ಕೈ ರಾಣಿಯದೋ ನರ್ತಕಿಯದೋ ಎಂದು ಕಲ್ಲು ಭೇದವೆಣಿಸಲಿಲ್ಲ. ಭೇದವೆಣಿಸಿದವರು ನಾವು.

ಕೆಳದಿಯ ಕಥೆಯನ್ನೇ ನೋಡೋಣ. ವೀರಶೈವ ರಾಣಿ ಚೆನ್ನಮ್ಮಾಜಿಯು ಪತಿ ಸೋಮಶೇಖರ ನಾಯಕನ ತರುವಾಯ 1672ರಲ್ಲಿ ರಾಜ್ಯಭಾರವನ್ನು ವಹಿಸಿಕೊಂಡಳು. 1689ರಲ್ಲಿ ಔರಂಗಜೇಬನ ಸೈನ್ಯಕ್ಕೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತಳು. ಆಕೆಯ ಕೀರ್ತಿ ಅಕ್ಷಯವಾದುದು, ಯೋಗ್ಯವಾದುದು. ಆದರೆ ದೊರೆಯ ಅಧಃಪತನಕ್ಕೆ ಕಲಾವತಿಯೆಂಬ ನರ್ತಕಿಯ ಮೋಹವೇ ಕಾರಣವೆಂದು ಅದೇ ಕಥೆಯು ಹೇಳುತ್ತದೆ. ರಾಜ್ಯದ ಹೊಣೆಯನ್ನು ಮರೆತವನು ದೊರೆ. ನಿಂದೆಯನ್ನು ಹೊತ್ತವಳು ನರ್ತಕಿ. ಅವಳ ನೃತ್ಯ ಹೇಗಿತ್ತೆಂದು ಕೇಳುವವರೇ ಇಲ್ಲ.

ಇವರನ್ನು ಸ್ಮರಿಸಿದರೆ ಆ ಪದ್ಧತಿಯನ್ನೇ ಸಮರ್ಥಿಸಿದಂತಾಗದೇ ಎಂದು ಕೆಲವರು ಶಂಕಿಸಬಹುದು. ಇಲ್ಲ. ಹುಟ್ಟುವ ಮೊದಲೇ ಮಗುವಿನ ಬದುಕನ್ನು ನಿರ್ಣಯಿಸುವ ಪದ್ಧತಿ ಅಧರ್ಮವೇ ಸರಿ. ಬೇಡವೆನ್ನುವ ಸ್ವಾತಂತ್ರ್ಯವಿಲ್ಲದ ಕಡೆ ಚಿನ್ನದ ಆಭರಣವೂ ಸಂಕೋಲೆಯೇ. ಕರ್ನಾಟಕದಲ್ಲಿ 1982ರ ಕಾನೂನು ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ್ದು ಸರ್ವಥಾ ಉಚಿತ. ಆದರೆ ಪದ್ಧತಿಯನ್ನು ತ್ಯಜಿಸುವುದು ಬೇರೆ, ಅದರಲ್ಲಿ ಬೆಂದವರನ್ನು ತ್ಯಜಿಸುವುದು ಬೇರೆ. ಅವರು ಕಾಪಾಡಿಕೊಂಡು ಬಂದ ನೃತ್ಯವನ್ನು ಇಂದು ನಮ್ಮ ಹೆಣ್ಣುಮಕ್ಕಳು ಅಭಿಮಾನದಿಂದ ಕಲಿಯುತ್ತಿದ್ದಾರೆ. ವೇದಿಕೆಯ ಮುಂದೆ ಕುಳಿತು ನಾವು ಕೈತಟ್ಟುತ್ತೇವೆ.

ಆ ಕೈಗಳು ಒಮ್ಮೆಯಾದರೂ ಆ ಅನಾಮಿಕ ತಾಯಂದಿರ ನೆನಪಿಗಾಗಿ ಜೋಡಿಸಲ್ಪಡಲಿ. ಕಾಯಕವನ್ನು ಮೆಚ್ಚಿ ಕಾಯಕಜೀವಿಯನ್ನು ಜರಿಯುವುದು ಶರಣರ ಮಾರ್ಗವಲ್ಲ.