ಹಾಳುಬಿದ್ದ ಫಿರಂಗಿಕೋಟೆಯ ಮೇಲಣ ಅಪವಾದ

ಕಳ್ಳನು ಹಿತ್ತಿಲ ಗೋಡೆಗೆ ಕನ್ನವಿಟ್ಟು ಒಳಗೆ ಬಂದ ಮೇಲೆ ಮುಂಬಾಗಿಲಿನ ಬೀಗವನ್ನು ಬೈಯುವದು ನ್ಯಾಯವೋ? ಪ್ರಿಯ ವಾಚಕರೇ, ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಸಿಂಗಾಪುರದ ಚಾಂಗಿಯಲ್ಲಿದ್ದ ಒಂದು ಫಿರಂಗಿಕೋಟೆಯ ವೃತ್ತಾಂತವನ್ನು ವಿಚಾರಿಸೋಣ.

ಆಂಗ್ಲ ಸರಕಾರದವರು ಆ ದ್ವೀಪದಲ್ಲಿ ಯುದ್ಧನೌಕೆಗಳ ನೆಲೆಯನ್ನು ಕಟ್ಟಿ, ವೈರಿಯು ಸಮುದ್ರದಿಂದ ಬರುವನೆಂದೆಣಿಸಿ, 1930ರ ದಶಕದಲ್ಲಿ ತೀರದಲ್ಲಿ ದೊಡ್ಡ ಫಿರಂಗಿಗಳನ್ನು ನಿಲ್ಲಿಸಿದರು. ಜೋಹೋರಿನ ಸುಲ್ತಾನ ಇಬ್ರಾಹಿಮನು 1935ರಲ್ಲಿ ಐದನೆಯ ಜಾರ್ಜ್ ಅರಸನ ರಜತೋತ್ಸವಕ್ಕೆ 5,00,000 ಪೌಂಡುಗಳ ಕಾಣಿಕೆ ಕೊಟ್ಟದ್ದರಿಂದ ಚಾಂಗಿಯ ಕೋಟೆಗೆ ಜೋಹೋರ್ ಬ್ಯಾಟರಿ ಎಂಬ ಹೆಸರಾಯಿತು. ಅಲ್ಲಿ 15 ಅಂಗುಲ ಬಾಯಗಲದ 3 ಫಿರಂಗಿಗಳಿದ್ದವು. ಒಂದೊಂದು ಗುಂಡು 800 ಕಿಲೋಗ್ರಾಮಿಗೂ ಮಿಕ್ಕಿದ ತೂಕದ್ದು. ಅವುಗಳನ್ನು ನೆಲದಡಿಯ ಉಗ್ರಾಣಗಳಲ್ಲಿ ಇಟ್ಟಿದ್ದರು.

ಜಪಾನಿನವರಾದರೋ 1941ನೆಯ ದಶಂಬರ 8ರಂದು ಸಿಯಾಮಿನ ದಕ್ಷಿಣ ತೀರದಲ್ಲಿಯೂ ಮಲಯದ ಉತ್ತರದಲ್ಲಿಯೂ ಇಳಿದರು. ಅನೇಕರು ಸೈಕಲುಗಳ ಮೇಲೆ ದಕ್ಷಿಣಕ್ಕೆ ಸಾಗಿ, 1942ನೆಯ ಫೆಬ್ರವರಿ 8ರ ರಾತ್ರಿ ಜಲಸಂಧಿಯನ್ನು ದಾಟಿದರು. 15ರಂದು ಸಿಂಗಾಪುರವು ಶರಣಾಗತವಾಯಿತು. ಸೆರೆಯಾದವರಲ್ಲಿ ನಮ್ಮ ದೇಶದ ಸಿಪಾಯಿಗಳೇ ಹತ್ತಾರು ಸಾವಿರ ಮಂದಿ.

ಆಗ ಒಂದು ಮಾತು ಹುಟ್ಟಿತು. ಅದೇನೆಂದರೆ, ಫಿರಂಗಿಗಳು ಸಮುದ್ರಕ್ಕೆ ಮುಖಮಾಡಿದ್ದವು, ಹಿಂದಕ್ಕೆ ತಿರುಗಲಾರದೆ ಹೋದವು ಎಂಬದೇ. ಅದು ನಿಜವಲ್ಲ. ಆ ಮೂರರಲ್ಲಿ ಎರಡು ಸುತ್ತಲೂ ತಿರುಗತಕ್ಕವು. ಅವು ನೆಲದ ಕಡೆಗೂ ಗುಂಡು ಹಾರಿಸಿದವು. ಆದರೆ ಅವುಗಳಿಗೆ ಒದಗಿಸಿದ್ದ ಗುಂಡುಗಳು ಹಡಗಿನ ಉಕ್ಕಿನ ಹಲಗೆಯನ್ನು ತೂರುವದಕ್ಕೆ ಮಾಡಿದವು. ಮೆದು ಮಣ್ಣಿಗೆ ಬಿದ್ದರೆ ಆಳಕ್ಕೆ ಹೂತುಹೋಗುವವು. ಬಯಲಲ್ಲಿ ಚದರಿಕೊಂಡು ಬರುವ ಕಾಲಾಳುಗಳಿಗೆ ಅವುಗಳಿಂದಾಗುವ ಹಾನಿ ಅಲ್ಪವೇ. ಆ ಗುಂಡುಗಳನ್ನು ಆರಿಸಿದವರು ಮನುಷ್ಯರು. ಇದಲ್ಲದೆ ಮಲಯದ ಸೇನಾಧಿಪತಿ ಡಾಬಿಯವರು, ಮಳೆಗಾಲದಲ್ಲಿಯೂ ವೈರಿಯು ಉತ್ತರದಲ್ಲಿ ಇಳಿದು ಹಿಂದಿನಿಂದ ಬರಬಹುದೆಂದು ಯುದ್ಧಕ್ಕೆ ಕೆಲವು ವರುಷ ಮೊದಲೇ ಎಚ್ಚರಿಸಿದ್ದರು. ಆದಾಗ್ಯೂ ದಾಳಿಯ ದಿನ ಮಲಯದಲ್ಲಿದ್ದ ಆಂಗ್ಲ ಸೇನೆಗೆ ಒಂದು ಟ್ಯಾಂಕೂ ಇರಲಿಲ್ಲ.

ಹೀಗಿರಲಾಗಿ ಆ ಸುಳ್ಳು ಇಷ್ಟು ಕಾಲ ಬಾಳಿದ್ದು ಯಾಕೆ? ಅದು ಯಾರನ್ನೂ ನೋಯಿಸದ್ದರಿಂದಲೇ ಎಂದು ನಮಗೆ ತೋರುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನೆಲವು ಎದುರು ಹೇಳುವದೇ? ಕಬ್ಬಿಣಕ್ಕೂ ಬಾಯಿಲ್ಲ. ಜೀವವಿಲ್ಲದ ವಸ್ತುವಿನ ಮೇಲೆ ಹೊರಿಸಿದ ಅಪವಾದವು ಪಾಪವೋ ಎಂದು ಒಬ್ಬರು ನಗಬಹುದು. ವಸ್ತುವಿಗೆ ಅನ್ಯಾಯವಾಗದು, ಒಪ್ಪುತ್ತೇವೆ. ಆದರೆ ಎಚ್ಚರಿಕೆಯನ್ನು ಕೇಳಿಯೂ ಸುಮ್ಮನಿದ್ದವನು ಆ ಮಾತಿನ ಮರೆಯಲ್ಲಿ ಲೆಕ್ಕ ಕೊಡದೆ ತಪ್ಪಿಸಿಕೊಳ್ಳುತ್ತಾನೆ. ಸೆರೆಮನೆಯಲ್ಲಿ ಸತ್ತ ಸಿಪಾಯಿಯ ತಾಯಿಗೆ ಸಿಕ್ಕಬೇಕಾದ ಉತ್ತರವು ಸಿಕ್ಕುವದಿಲ್ಲ.

ಶರಣಾಗತಿಗೆ ಮುಂಚೆ ಗೋಲಂದಾಜರೇ ಆ ಫಿರಂಗಿಗಳನ್ನು ಒಡೆದುಹಾಕಿದ್ದರು. ನೆಲದಡಿಯ ಸುರಂಗಗಳು ಜನರಿಗೆ ಮರೆತೇಹೋಗಿ, 1991ರಲ್ಲಿ ಸೆರೆಮನೆಯ ಇಲಾಖೆಯವರ ಕಣ್ಣಿಗೆ ಬಿದ್ದವು. 2002ರಲ್ಲಿ ಅಲ್ಲಿ ಫಿರಂಗಿಯ ಒಂದು ಪ್ರತಿರೂಪವನ್ನು ನಿಲ್ಲಿಸಿದರು.