ಚಿತ್ರಕ್ಕೆ ಹಾಡಿನ ಸಾಕ್ಷ್ಯ

ಛಾಯಾಚಿತ್ರದ ಮೇಲೆ ಹಾಡಿನ ಪಂಕ್ತಿಯೊಂದನ್ನು ಬರೆದು ಎರಡನ್ನೂ ಒಂದೇ ಕೃತಿಯನ್ನಾಗಿ ಮಾಡುವುದು ನ್ಯಾಯವೆ ಎಂಬ ಪ್ರಶ್ನೆಯು ನನಗೆ ಬರಿಯ ಶಾಸ್ತ್ರವಿಚಾರವಲ್ಲ. ರಾಜಗೋಪಾಲನಗರದಲ್ಲಿಯೂ ನೆರೆಯ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿಯೂ ತೆಗೆದ ಚಿತ್ರಗಳಿಗೆ ದಾಸರ ಪದ, ಶಿಶುನಾಳ ಷರೀಫರ ತತ್ತ್ವಪದ, ಹಳ್ಳಿಯ ಹಾಡು ಇವುಗಳ ಸಾಲುಗಳನ್ನು ಕೂಡಿಸುವುದು ಕೆಲವು ವರ್ಷಗಳಿಂದ ನನ್ನ ವ್ಯಾಸಂಗವಾಗಿದೆ.

ಪದ್ಧತಿಯು ಹೊಸದಲ್ಲ. ರಾಗಮಾಲಾ ಚಿತ್ರಗಳಲ್ಲಿ ಅನೇಕವು ರಾಗವನ್ನು ವರ್ಣಿಸುವ ಪದ್ಯವನ್ನು ನೆತ್ತಿಯ ಮೇಲೆಯೇ ಧರಿಸಿರುವುವು. ನಮ್ಮ ನಾಡಿನಲ್ಲಿಯೇ ಡಿ. ವಿ. ಗುಂಡಪ್ಪನವರು ಬೇಲೂರಿನ ಮದನಿಕೆಯರನ್ನು ಕಂಡು ‘ಅಂತಃಪುರಗೀತೆ’ಯನ್ನು ರಚಿಸಿದರು. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯಲ್ಲಿ ಕನ್ನಡಿ ಹಿಡಿದು ನಿಂತ ಬಾಲೆಯ ಮನಸ್ಸಿನಲ್ಲಿ ಇಂತಹುದಿದೆಯೆಂದು ಕವಿಯು ಹಾಡಿದರೆ, ಅಲ್ಲವೆನ್ನಲು ಅವಳಿಗೆ ಬಾಯಿಲ್ಲ. ಇದ್ದಿದ್ದರೂ ಅಲ್ಲವೆನ್ನುತ್ತಿರಲಿಲ್ಲವೆಂದು ನನ್ನ ಊಹೆ.

ಛಾಯಾಚಿತ್ರದ ಸಂಗತಿಯೇ ಬೇರೆ. ಒಬ್ಬ ನಿಜವಾದ ಮನುಷ್ಯನ ಮುಖದ ಮೇಲೆ ಒಂದು ದಿನ ಬಿದ್ದ ಬೆಳಕೇ ಅಲ್ಲಿ ಅಚ್ಚಾಗಿರುವುದು. ಆದುದರಿಂದ ಅದನ್ನು ನೋಡುವವನು ನಂಬಿಯೇ ನೋಡುತ್ತಾನೆ. ಸಿದ್ಧ ಉಡುಪಿನ ಕಾರ್ಖಾನೆಯಿಂದ ಹಿಂದಿರುಗುತ್ತ, ಬಸ್ಸಿನ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ ಒಬ್ಬ ತರುಣಿಯ ಚಿತ್ರವನ್ನು ಅವಳ ಒಪ್ಪಿಗೆ ಪಡೆದು ಇರಿಸಿಕೊಂಡಿದ್ದೆನು. ಅದರ ಕೆಳಗೆ ಸಂಸಾರದ ಅನಿತ್ಯತೆಯನ್ನು ಕುರಿತ ಪದವೊಂದರ ಪಲ್ಲವಿಯನ್ನು ಬರೆದಾಗ ನೋಡಿದವರೆಲ್ಲರೂ ಮರುಗಿದರು. ಅವಳಿಗೆ ತೋರಿಸಿದೆನು. “ಅವತ್ತು ಸಂಬಳದ ದಿನ ಸಾರ್. ನಿದ್ದೆ ಬಂದಿತ್ತು, ಅಷ್ಟೇ” ಎಂದು ನಕ್ಕಳು.

ಕಲೆಯನ್ನು ನ್ಯಾಯಸ್ಥಾನದ ಹೇಳಿಕೆಯೆಂದು ಯಾರು ತಿಳಿಯುವರು, ಧ್ವನಿಯೇ ಕಾವ್ಯದ ಆತ್ಮವೆಂದು ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿಯೇ ಹೇಳಲಿಲ್ಲವೆ, ಎಂದು ಸ್ನೇಹಿತರೊಬ್ಬರು ಆಕ್ಷೇಪಿಸಿದರು. ಮಾತು ಅರ್ಧ ಸರಿ. ಆದರೆ ಇಲ್ಲಿ ಹಾಡು ಚಿತ್ರದಿಂದ ಸಾಕ್ಷಿಯ ಗೌರವವನ್ನು ಸಾಲವಾಗಿ ಪಡೆಯುತ್ತದೆ. ಮರುಕವು ಪದದ್ದು, ಮುಖವು ಅವಳದು. ಸಾಲ ತೀರಿಸಬೇಕಾದವಳೂ ಅವಳೇ ಆಗುತ್ತಾಳೆ, ಏಕೆಂದರೆ ಬೀದಿಯಲ್ಲಿ ಜನರು ಗುರುತಿಸುವುದು ಪದಕರ್ತನನ್ನಲ್ಲ.

ಹಾಡಿಗೂ ಇದರಿಂದ ನಷ್ಟವುಂಟು. ಹಾಡುವಾಗ ಪಲ್ಲವಿಯು ಒಂದೊಂದು ಚರಣವನ್ನು ಸುತ್ತಿ ಬಂದು ಪ್ರತಿಸಲವೂ ಬೇರೆ ಅರ್ಥದಿಂದ ಮರಳುವುದು. ಮೊದಲು ಬೆದರಿಕೆಯಂತೆ ಕೇಳಿಸಿದುದು ಕಡೆಗೆ ಸಮಾಧಾನವಾಗಬಹುದು. ಚಿತ್ರದ ಕೆಳಗೆ ಅದು ಮೊಳೆ ಹೊಡೆದಂತೆ ನಿಂತುಬಿಡುತ್ತದೆ. ಬಾಗಿಲು ಮುಚ್ಚಿದ ಕಾರ್ಖಾನೆ, ಲೇತಿನ ಕೆಳಗೆ ಸುರುಳಿಯಾಗಿ ಬಿದ್ದ ಉಕ್ಕಿನ ತುಣುಕು, ಇವುಗಳಿಗೆ ಯಾವ ಸಾಲನ್ನು ಬರೆದರೂ ಯಂತ್ರಕ್ಕೆ ಮಾನಹಾನಿಯಿಲ್ಲ. ಅಲ್ಲಿ ನಾನು ನಿಸ್ಸಂಕೋಚವಾಗಿ ಬರೆಯುತ್ತೇನೆ.

ಮನುಷ್ಯರ ಚಿತ್ರಗಳಿಗಾದರೋ ಸಾಲನ್ನು ಅವರಿಂದಲೇ ಕೇಳಿ ಬರೆಯುವ ಕ್ರಮವನ್ನು ಇಟ್ಟುಕೊಂಡಿದ್ದೇನೆ. ಆ ತರುಣಿಯು ತಾನು ಹೊಲಿಗೆಯಂತ್ರದ ಮುಂದೆ ಗುನುಗುವ ಜೋಗುಳವೊಂದನ್ನು ಆರಿಸಿದಳು, ಬರೆದುಕೊಟ್ಟೆನು. ಈಗ ನೋಡುವವರು ಮನೆಯಲ್ಲಿ ಮಗುವನ್ನು ಬಿಟ್ಟು ದುಡಿಯುವ ತಾಯಿಯೆಂದು ಮರುಗುತ್ತಾರೆ. ಅವಳಿಗೆ ಇನ್ನೂ ಮದುವೆಯಾಗಿಲ್ಲ. ಹೇಳಿದಾಗ, “ಇರಲಿ ಬಿಡಿ ಸಾರ್, ಹಾಡು ನಂದೇ ಅಲ್ವಾ” ಎಂದಳು.