ಬೀಗ ಮತ್ತು ಬಿತ್ತನೆ ಬೀಜ

ತಾನು ದಿನನಿತ್ಯ ಬಳಸುವ ಉಪಕರಣದ ಮೇಲೆ ಮನುಷ್ಯನಿಗೆ ಎಷ್ಟು ಹಕ್ಕಿರಬೇಕು? ಈ ಪ್ರಶ್ನೆಗೆ ಒಕ್ಕಲುತನದ ಬದುಕು ಎಂದೋ ಉತ್ತರ ಕೊಟ್ಟಿದೆ. ಕುಡುಗೋಲು ಮೊಂಡಾದರೆ ನಾವೇ ಮಸೆದುಕೊಳ್ಳುತ್ತೇವೆ; ಹಿಡಿ ಸಡಿಲವಾದರೆ ಬೇರೆ ಹಿಡಿ ಹಾಕಿಸುತ್ತೇವೆ; ನೆರೆಯವರು ಕೇಳಿದರೆ ಕೊಟ್ಟು ಕಳುಹಿಸುತ್ತೇವೆ. ಇದಕ್ಕೆಲ್ಲ ಕಮ್ಮಾರನ ಅಪ್ಪಣೆ ಬೇಕೆಂದು ಯಾರೂ ಭಾವಿಸಿದ್ದಿಲ್ಲ. ಆದರೆ ಇಂದು ನಮ್ಮ ಮಕ್ಕಳ ಪಾಠ, ಮನೆಯ ಲೆಕ್ಕ, ಸಂಘದ ನಡಾವಳಿ, ಕವಿಯ ಹಸ್ತಪ್ರತಿ ಎಲ್ಲವೂ ಗಣಕಯಂತ್ರದೊಳಗೆ ಸೇರಿವೆ. ಆ ಯಂತ್ರವನ್ನು ನಡೆಸುವ ತಂತ್ರಾಂಶದ ವಿಷಯದಲ್ಲಿ ಮಾತ್ರ ಮಸೆಯುವ, ತಿದ್ದುವ, ಹಂಚಿಕೊಳ್ಳುವ ಹಕ್ಕುಗಳಲ್ಲಿ ಒಂದೂ ತಾನಾಗಿ ದೊರೆಯುವುದಿಲ್ಲ. ಆದುದರಿಂದ ಯಾವ ತಂತ್ರಾಂಶವನ್ನು ಬಳಸಬೇಕೆಂಬುದು ಕೇವಲ ಅನುಕೂಲದ ಪ್ರಶ್ನೆಯಾಗಿ ಉಳಿಯದೆ ನೀತಿಯ ಪ್ರಶ್ನೆಯೂ ಆಗುತ್ತದೆ.

ತಂತ್ರಾಂಶಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ನೋಡಬಹುದು. ಒಂದು, ಒಡೆತನದ ತಂತ್ರಾಂಶ. ಇದರ ಮೂಲ ಸಂಕೇತ, ಎಂದರೆ ತಂತ್ರಜ್ಞರು ಬರೆದ ಮೂಲ ಪಾಠ, ಸಂಸ್ಥೆಯ ಗುಟ್ಟಾಗಿರುತ್ತದೆ. ನಾವು ಹಣ ಕೊಟ್ಟು ಪಡೆಯುವುದು ವಸ್ತುವನ್ನಲ್ಲ, ಕೆಲವು ಷರತ್ತುಗಳಿಗೆ ಒಳಪಟ್ಟು ಬಳಸುವ ಅನುಮತಿಯನ್ನು. ಇನ್ನೊಂದು, ಮುಕ್ತ ತಂತ್ರಾಂಶ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಘೋಷಿಸಿದರು. ಬಳಸುವ, ಒಳಗೆ ಏನಿದೆಯೆಂದು ಅರಿತು ಬದಲಿಸುವ, ಪ್ರತಿ ಹಂಚುವ, ಬದಲಿಸಿದ್ದನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಅವರು ಆರಂಭಿಸಿದ ಚಳವಳಿಯ ತಿರುಳು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳು-ವ್ಯವಸ್ಥೆಯನ್ನು ಬರೆದು ಲೋಕಕ್ಕೆ ಬಿಟ್ಟುಕೊಟ್ಟರು. ಇಂದು ಕಚೇರಿ ಕೆಲಸಕ್ಕೆ ಲಿಬ್ರೆಆಫೀಸ್, ಜಾಲತಾಣ ನೋಡಲು ಫೈರ್‌ಫಾಕ್ಸ್, ಇಡೀ ಯಂತ್ರಕ್ಕೆ ಉಬುಂಟು ದೊರೆಯುತ್ತವೆ. ನಮ್ಮ ಜೇಬಿನ ಆಂಡ್ರಾಯ್ಡ್ ದೂರವಾಣಿಯ ಬುಡದಲ್ಲಿಯೂ ಲಿನಕ್ಸ್ ಇದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಮುಕ್ತ ಎಂದರೆ ಪುಕ್ಕಟೆ ಎಂದಲ್ಲ. ಬೆಲೆಯಿಲ್ಲದೆ ದೊರೆಯುವ ಎಷ್ಟೋ ತಂತ್ರಾಂಶಗಳ ಮೂಲ ಸಂಕೇತ ಮುಚ್ಚಿಯೇ ಇರುತ್ತದೆ. ಹಣಕ್ಕೆ ಮಾರುವ ತಂತ್ರಾಂಶವೂ ಮುಕ್ತವಾಗಿರಬಹುದು. ಬೀಗದ ಕೈ ಯಾರ ಬಳಿ ಇದೆ ಎಂಬುದೇ ಮುಖ್ಯ ವ್ಯತ್ಯಾಸ. ಇದನ್ನು ಅರಿಯಲು ವಯನಾಡಿನಲ್ಲಿರುವ ನಾವು ಬಹು ದೂರ ಹೋಗಬೇಕಾಗಿಲ್ಲ.

ಮಾನಂದವಾಡಿಯ ಸಮೀಪದ ಕಮ್ಮನದಲ್ಲಿ ಕುರಿಚ್ಯ ಸಮುದಾಯದ ಕೃಷಿಕ ಚೆರುವಯಲ್ ರಾಮನ್ ಅವರು ಐವತ್ತಕ್ಕೂ ಹೆಚ್ಚು ನಾಟಿ ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. 2023ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಕೇಳಿ ಬಂದ ರೈತರಿಗೆ ಅವರು ಬೀಜವನ್ನು ಹಣಕ್ಕೆ ಮಾರುವುದಿಲ್ಲ. ಬೆಳೆದ ಮೇಲೆ ಅಷ್ಟೇ ಬೀಜವನ್ನು ಮರಳಿ ಕೊಡಬೇಕೆಂಬುದಷ್ಟೇ ಅವರ ನಿಯಮ. ಒಯ್ದವರು ಮರಳಿಸಿದರೆ ಮುಂದೆ ಕೇಳುವವರಿಗೂ ಬೀಜವಿರುತ್ತದೆ. ನಮ್ಮ ದೇಶದ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯೂ ಬೀಜವನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ವಿನಿಮಯ ಮಾಡುವ ಹಕ್ಕನ್ನು ರೈತನಿಗೆ ಮಾನ್ಯಮಾಡಿದೆ.

ಸ್ಟಾಲ್‌ಮನ್ 1989ರಲ್ಲಿ ರೂಪಿಸಿದ ಜಿಪಿಎಲ್ ಎಂಬ ಸಾರ್ವಜನಿಕ ಪರವಾನಗಿಯಲ್ಲಿ ಇರುವುದೂ ಇದೇ ನೀತಿ. ಒಬ್ಬನು ತಂತ್ರಾಂಶವನ್ನು ಪಡೆದು, ತಿದ್ದಿ, ಇತರರಿಗೆ ಹಂಚುವುದಾದರೆ, ತಿದ್ದಿದ ಮೂಲ ಸಂಕೇತವನ್ನೂ ಅದೇ ಸ್ವಾತಂತ್ರ್ಯದೊಡನೆ ಕೊಡಬೇಕು. ತಾನು ಪಡೆದುದಕ್ಕೆ ತಾನು ಬೀಗ ಹಾಕಕೂಡದು. ಎಲ್ಲ ಮುಕ್ತ ಪರವಾನಗಿಗಳೂ ಈ ಕಟ್ಟುಪಾಡನ್ನು ವಿಧಿಸುವುದಿಲ್ಲವೆಂಬುದು ನಿಜ. ಆದರೆ ಚಳವಳಿಯ ಆತ್ಮವಿರುವುದು ಇದರಲ್ಲಿಯೇ. ಬೀಜಕ್ಕೂ ತಂತ್ರಾಂಶಕ್ಕೂ ಒಂದು ಭೇದವೂ ಇದೆ. ಬೀಜ ಕೊಟ್ಟವನ ಕಣಜದಲ್ಲಿ ಅಷ್ಟು ಕಡಿಮೆಯಾಗುತ್ತದೆ. ತಂತ್ರಾಂಶದ ಪ್ರತಿ ಕೊಟ್ಟವನ ಬಳಿ ಏನೂ ಕಡಿಮೆಯಾಗುವುದಿಲ್ಲ. ಹಾಗಿದ್ದರೆ ಇಲ್ಲಿ ಮರಳಿಸಬೇಕಾದುದು ಏನು? ದುಡಿಮೆಯನ್ನು, ತಿಳಿವನ್ನು. ದೋಷ ಕಂಡಲ್ಲಿ ತಿಳಿಸುವುದು, ಪದಗಳನ್ನು ಕನ್ನಡಿಸುವುದು, ಬಲ್ಲವರು ತಿದ್ದುವುದು, ಬಳಸುವ ಬಗೆಯನ್ನು ಇನ್ನೊಬ್ಬರಿಗೆ ಕಲಿಸುವುದು. ಇವೆಲ್ಲ ಮರಳಿಸಿದ ಬೀಜವೇ.

ಈ ವಿಚಾರ ಕೇರಳದಲ್ಲಿ ಬರಿಯ ಆದರ್ಶವಾಗಿ ಉಳಿದಿಲ್ಲ. 2001ರಲ್ಲಿ ಇಲ್ಲಿಯ ಸರ್ಕಾರಿ ಶಾಲೆಗಳಿಗಾಗಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. ಮೊದಲು ಪಾಠದಲ್ಲಿದ್ದುದು ಒಡೆತನದ ತಂತ್ರಾಂಶವೇ. ಸಾರ್ವಜನಿಕ ಶಿಕ್ಷಣವು ಒಂದು ಸಂಸ್ಥೆಯ ಸರಕಿನ ತರಬೇತಿಯಾಗಬಾರದೆಂಬ ಚರ್ಚೆ ಶಿಕ್ಷಕರ ನಡುವೆ ನಡೆದು, ಯೋಜನೆ ಕ್ರಮೇಣ ಮುಕ್ತ ತಂತ್ರಾಂಶಕ್ಕೆ ಹೊರಳಿತು. ಈಗ ಅದನ್ನು ನಡೆಸುತ್ತಿರುವ ಕೈಟ್ ಸಂಸ್ಥೆ, ಎರಡು ಲಕ್ಷಕ್ಕೂ ಮಿಕ್ಕಿದ ಶಾಲಾ ಗಣಕಯಂತ್ರಗಳಲ್ಲಿ ಮುಕ್ತ ತಂತ್ರಾಂಶ ಬಳಸುವುದರಿಂದ ಸುಮಾರು 3,000 ಕೋಟಿ ರೂಪಾಯಿಗಳ ಪರವಾನಗಿ ಶುಲ್ಕ ಉಳಿಯುತ್ತದೆಂದು 2019ರಲ್ಲಿ ತಿಳಿಸಿತು. ಆದರೆ ನಮ್ಮ ದೃಷ್ಟಿಯಲ್ಲಿ ಹಣದ ಉಳಿತಾಯಕ್ಕಿಂತ ಮಿಗಿಲಾದುದು ಮತ್ತೊಂದಿದೆ. ಶಾಲೆಯಲ್ಲಿ ಬಳಸಿದ ಅದೇ ತಂತ್ರಾಂಶವನ್ನು ಮಗು ಮನೆಗೆ ತಂದು ಹಾಕಿಕೊಳ್ಳಬಹುದು, ಗೆಳೆಯನಿಗೆ ಕೊಡಬಹುದು. ಆ ಕೊಡುಗೆ ಅಪರಾಧವಾಗುವುದಿಲ್ಲ. ಹಂಚಿ ತಿನ್ನು ಎಂದು ಹೇಳಿಕೊಡುವ ಹಿರಿಯರ ಮಾತಿಗೂ ಶಾಲೆಯ ಯಂತ್ರಕ್ಕೂ ಇಲ್ಲಿ ವಿರೋಧವಿಲ್ಲ.

ವಿರೋಧ ತಲೆದೋರುವುದು ಮನೆಗಳಲ್ಲಿ. ನಮ್ಮ ಸಮಾಜದಲ್ಲಿ ಆಯ್ಕೆಗಳು ಎರಡಲ್ಲ, ಮೂರು: ಕೊಂಡ ತಂತ್ರಾಂಶ, ಮುಕ್ತ ತಂತ್ರಾಂಶ ಮತ್ತು ಕದ್ದ ತಂತ್ರಾಂಶ. ಅಂಗಡಿಯವರು ಹಾಕಿಕೊಟ್ಟರು, ಯಾರೋ ಬೀಗ ಮುರಿದದ್ದನ್ನು ಇಳಿಸಿಕೊಂಡೆವು ಎಂಬ ಮಾತನ್ನು ಯಾರೂ ನಾಚಿಕೆಯಿಂದ ಹೇಳುವುದಿಲ್ಲ. ತಿಳಿದೂ ಅಂಥ ಪ್ರತಿಯನ್ನು ಬಳಸುವುದು 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ದಂಡಾರ್ಹ. ಕಾನೂನಿನ ಮಾತು ಒತ್ತಟ್ಟಿಗಿರಲಿ. ಪಕ್ಕದ ತೋಟದ ಒಂದು ಹಿಡಿ ಕಾಳುಮೆಣಸನ್ನೂ ಕೇಳದೆ ಕೀಳಬಾರದೆಂದು ಮಕ್ಕಳಿಗೆ ಹೇಳುವ ಮನೆಯಲ್ಲಿ, ಇನ್ನೊಬ್ಬರ ದುಡಿಮೆಯ ಫಲ ಕೇಳದೆ ಬಂದು ಕೂತಿರುವುದನ್ನು ಹೇಗೆ ಸಮರ್ಥಿಸುವುದು? ದೊಡ್ಡ ಸಂಸ್ಥೆಗೆ ನಷ್ಟವೇನು ಎಂಬ ವಾದ ಕಳವಿಗೆ ಸಮಾಧಾನ ಹೇಳುತ್ತದೆಯೇ ಹೊರತು ಅದನ್ನು ಸರಿಯಾಗಿಸುವುದಿಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ದುಬಾರಿಯಾದದ್ದು ಕಳವಿನಿಂದ ಪುಕ್ಕಟೆಯಾಗಿ ಸಿಗುವವರೆಗೆ ಮುಕ್ತವಾದುದರ ಕಡೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಹೀಗೆ ಕದ್ದ ಪ್ರತಿಯು ಒಡೆತನದ ಅಭ್ಯಾಸವನ್ನೇ ಗಟ್ಟಿಗೊಳಿಸುತ್ತದೆ.

ಹಾಗೆಂದು ಒಡೆತನದ ತಂತ್ರಾಂಶವನ್ನು ಪಾಪವೆಂದು ಸಾರುವುದು ನ್ಯಾಯವಲ್ಲ. ದುಡಿದವನು ತನ್ನ ಕೃತಿಗೆ ಬೆಲೆ ಕೇಳುವುದು ಅಧರ್ಮವಾಗದು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಾಗ, ದೇಶ ವಿದೇಶಗಳ ಎಷ್ಟೋ ಕನ್ನಡಿಗರು ಮೊದಲ ಬಾರಿಗೆ ತಮ್ಮ ಗಣಕಯಂತ್ರದಲ್ಲಿ ಕನ್ನಡ ಅಕ್ಷರ ಮೂಡಿದ್ದನ್ನು ಕಂಡರು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಕನ್ನಡ ಅಕ್ಷರಶೈಲಿಯೊಡನೆ ಬಂದಿತು. ಈ ಉಪಕಾರಗಳನ್ನು ಮರೆಯಲಾಗದು. ಮುಕ್ತ ತಂತ್ರಾಂಶದ ಕೊರತೆಗಳನ್ನೂ ಮುಚ್ಚಿಡಬೇಕಾಗಿಲ್ಲ. ದುಡಿಯುವ ಕೈ ಕಡಿಮೆಯಾದಲ್ಲಿ ದೋಷಗಳು ಬಹುಕಾಲ ಹಾಗೆಯೇ ಉಳಿಯುತ್ತವೆ; ಮುದ್ರಣದ ಮನೆಗಳಲ್ಲಿ, ಲೆಕ್ಕಪತ್ರದ ಕಚೇರಿಗಳಲ್ಲಿ ರೂಢಿಯಲ್ಲಿರುವ ತಂತ್ರಾಂಶಗಳನ್ನು ಒಮ್ಮೆಲೇ ಬಿಡುವುದು ಜೀವನೋಪಾಯದ ಪ್ರಶ್ನೆ. ಕಚೇರಿ ಕೊಟ್ಟ ಯಂತ್ರದಲ್ಲಿ ಕಚೇರಿ ಹೇಳಿದ ತಂತ್ರಾಂಶ ಬಳಸುವವನನ್ನು ದೂರಲು ನಾವು ಯಾರು?

ಆದರೆ ಭಾಷೆಯ ವಿಷಯಕ್ಕೆ ಬಂದಾಗ ತಕ್ಕಡಿ ಒಂದು ಕಡೆಗೆ ವಾಲುತ್ತದೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವನ್ನು ಲಿಪಿ ಬಲ್ಲವರು ಇಂದಿಗೂ ಓದಬಲ್ಲರು. ಅದಕ್ಕೆ ಯಾವ ಸಂಸ್ಥೆಯ ಪರವಾನಗಿಯೂ ಬೇಡ. ಕೇವಲ ಇಪ್ಪತ್ತೈದು ವರ್ಷಗಳ ಹಿಂದೆ ಗಣಕಯಂತ್ರದಲ್ಲಿ ಮೂಡಿಸಿದ ಕನ್ನಡವೋ? ಆ ಕಾಲದಲ್ಲಿ ಬೇರೆ ಬೇರೆ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ತಮ್ಮ ತಮ್ಮ ಕ್ರಮದಲ್ಲಿ ಇರಿಸುತ್ತಿದ್ದವು. ಒಂದು ಅಕ್ಷರಶೈಲಿಯಲ್ಲಿ ಬರೆದುದನ್ನು ಅದು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಮಾತ್ರ. ಹಳೆಯ ಸ್ಮರಣ ಸಂಚಿಕೆಗಳ ಕಡತಗಳನ್ನು ತೆರೆಯಲು ಯತ್ನಿಸಿದ ಸಂಘಗಳಿಗೆ ಈ ಅನುಭವ ಹೊಸದಲ್ಲ. ಕಲ್ಲಿನ ಬರಹ ಹದಿನೈದು ಶತಮಾನ ಬಾಳಿತು. ಬೀಗದೊಳಗಿನ ಬರಹ ಒಂದು ತಲೆಮಾರು ಬಾಳಲೂ ಕಷ್ಟಪಟ್ಟಿತು.

ಇದಕ್ಕೆ ಪರಿಹಾರ ದೊರೆತದ್ದೂ ಮುಕ್ತತೆಯಿಂದಲೇ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಾರ್ವಜನಿಕ ಸಂಖ್ಯಾಕ್ರಮವನ್ನು ನೀಡುವ ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದೆ. ಯೂನಿಕೋಡ್ ತಂತ್ರಾಂಶವಲ್ಲ, ಎಲ್ಲರಿಗೂ ತೆರೆದ ಒಂದು ಶಿಷ್ಟತೆ; ಒಡೆತನದ ತಂತ್ರಾಂಶಗಳೂ ಅದನ್ನು ಒಪ್ಪಿದುದರಿಂದಲೇ ಇಂದು ನಮ್ಮ ಕನ್ನಡ ಯಾವ ಯಂತ್ರದಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಸ್ವಯಂಸೇವಕರು ಬರೆದು ಮೂಲ ಸಂಕೇತದೊಡನೆ ಹಂಚಿದ್ದಾರೆ. 'ಗುಬ್ಬಿ', 'ನವಿಲು' ಎಂಬ ಮುಕ್ತ ಅಕ್ಷರಶೈಲಿಗಳೂ ಅಂಥ ದುಡಿಮೆಯ ಫಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಹೊತ್ತಿರುವುದೂ ಮುಕ್ತ ತಂತ್ರಾಂಶವೇ.

ಕನ್ನಡಕ್ಕಾದರೂ ಕೋಟಿಗಟ್ಟಲೆ ಜನರ ಮಾರುಕಟ್ಟೆಯಿದೆ. ಲಾಭಕ್ಕಾಗಿಯಾದರೂ ಸಂಸ್ಥೆಗಳು ಅದನ್ನು ಕೇಳುತ್ತವೆ. ನಮ್ಮ ನೆರೆಯಲ್ಲಿಯೇ ಇರುವ ಕಾಟ್ಟುನಾಯ್ಕರ ಮಾತನ್ನು ನೆನೆಯೋಣ. ಕನ್ನಡದೊಡನೆ ನಿಕಟ ನಂಟುಳ್ಳ ಆ ಮಾತಿಗೆ ಮಾರುಕಟ್ಟೆಯಿಲ್ಲ. ಲಾಭವನ್ನೇ ನೋಡುವ ಯಾವ ಸಂಸ್ಥೆಯೂ ಆ ಮಕ್ಕಳಿಗಾಗಿ ಒಂದು ಪದಕೋಶವನ್ನೋ ಕಾಗುಣಿತ ಪರೀಕ್ಷಕವನ್ನೋ ಸಿದ್ಧಪಡಿಸುವುದು ಕಷ್ಟ. ಮುಚ್ಚಿದ ತಂತ್ರಾಂಶದಲ್ಲಿ ಅವರು ಕಾಯಬೇಕು. ತೆರೆದ ತಂತ್ರಾಂಶದಲ್ಲಿ ಅವರೇ, ಇಲ್ಲವೆ ಅವರಿಗಾಗಿ ಮನಸ್ಸುಳ್ಳ ಒಬ್ಬ ಶಿಕ್ಷಕ, ಆ ಕೆಲಸವನ್ನು ತೊಡಗಬಹುದು. ಯಾರ ಅಪ್ಪಣೆಗೂ ಕಾಯದೆ ತೊಡಗಬಹುದೆಂಬುದೇ ಸ್ವಾತಂತ್ರ್ಯದ ನಿಜವಾದ ಬೆಲೆ. ಕಬಿನಿ ಇಲ್ಲಿ ಹುಟ್ಟಿ ಕರ್ನಾಟಕಕ್ಕೆ ಹರಿಯುತ್ತದೆ. ಕನ್ನಡ ಅಲ್ಲಿಂದ ಇಲ್ಲಿಗೆ ಏರಿ ಬಂದಿದೆ. ರಾಜ್ಯದ ಗಡಿಯ ಈಚೆ ಅಲ್ಪಸಂಖ್ಯಾತರಾಗಿ ಬಾಳುವ ನಮಗೆ, ಸಂಖ್ಯೆಯ ಬಲವಿಲ್ಲದ ಭಾಷೆಯ ಸ್ಥಿತಿ ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕು.

ಇನ್ನು ಯಂತ್ರದ ಆಯುಷ್ಯದ ಮಾತು. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕೊನೆಗೊಳಿಸಿತು. ಚೆನ್ನಾಗಿಯೇ ನಡೆಯುವ ಎಷ್ಟೋ ಹಳೆಯ ಯಂತ್ರಗಳು ಮುಂದಿನ ಆವೃತ್ತಿಯ ನಿಬಂಧನೆಗಳಿಗೆ ಹೊಂದುವುದಿಲ್ಲ. ಮುಕ್ತ ವ್ಯವಸ್ಥೆಗಳ ಆವೃತ್ತಿಗಳಿಗೂ ಕಾಲಮಿತಿಯುಂಟು; ಆದರೆ ಒಬ್ಬರು ಕೈಬಿಟ್ಟುದನ್ನು ಇನ್ನೊಬ್ಬರು ಎತ್ತಿಕೊಳ್ಳಲು ಅಲ್ಲಿ ತಡೆಯಿಲ್ಲ. ಮೂಲೆಗೆ ಬಿದ್ದ ಗಣಕಯಂತ್ರಕ್ಕೆ ಹಗುರವಾದ ಲಿನಕ್ಸ್ ಹಾಕಿದರೆ, ಹೊಸದನ್ನು ಕೊಳ್ಳಲಾಗದ ಮನೆಯ ಮಗುವಿನ ಓದಿಗೆ ಅದು ಇನ್ನೂ ಕೆಲವು ವರ್ಷ ಒದಗೀತು.

ಆದುದರಿಂದ ನಾವು ಹೇಳಬಯಸುವುದು ಎಲ್ಲರೂ ನಾಳೆಯೇ ತಂತ್ರಾಂಶ ಬದಲಿಸಿರಿ ಎಂದಲ್ಲ. ಒಡೆತನದ ತಂತ್ರಾಂಶ ಬೇಕಾದವರು ಬೆಲೆ ತೆತ್ತು ಬಳಸಲಿ; ಬೆಲೆ ತೆರಲಾಗದಲ್ಲಿ ಕಳವಿಗೆ ಬದಲಾಗಿ ಮುಕ್ತವಾದುದನ್ನು ಆಯ್ದುಕೊಳ್ಳಲಿ. ಯಾವುದರಲ್ಲಿ ಬರೆದರೂ ಬರೆದುದು ಯೂನಿಕೋಡಿನಲ್ಲಿರಲಿ, ಎಲ್ಲರೂ ತೆರೆಯಬಲ್ಲ ಕಡತವಾಗಿರಲಿ. ಸಂಘದ ನಡಾವಳಿ, ಸಂಚಿಕೆ, ಹಿರಿಯರ ನೆನಪುಗಳ ಒಂದು ಪ್ರತಿ ಲಿಬ್ರೆಆಫೀಸಿನಂಥ ಮುಕ್ತ ತಂತ್ರಾಂಶದಲ್ಲಿ ತೆರೆಯುತ್ತದೆಯೇ ಎಂದು ವರ್ಷಕ್ಕೊಮ್ಮೆ ನೋಡಿಡುವುದು ಕಾರ್ಯಕಾರಿ ಸಮಿತಿಗೆ ದೊಡ್ಡ ಹೊರೆಯಲ್ಲ. ಶಾಲೆಯಲ್ಲಿ ಇದನ್ನೆಲ್ಲ ಕಲಿತ ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಿದರೆ, ಕನ್ನಡ ಓದಲು ಅವರಿಗೆ ಒಂದು ನೆಪವೂ ದೊರೆಯುತ್ತದೆ.

ಮುಕ್ತ ತಂತ್ರಾಂಶವನ್ನು ಬಳಸುವವರು ಮಾತ್ರ ಒಂದನ್ನು ಮರೆಯಬಾರದು. ಅದು ದಾನವಲ್ಲ, ಬೀಜದ ಸಾಲ. ಬರಿದೆ ಪಡೆದು ಸುಮ್ಮನಿರುವವರೇ ಹೆಚ್ಚಾದರೆ ಯಾವ ಕಣಜವೂ ಉಳಿಯುವುದಿಲ್ಲ. ಕನ್ನಡಕ್ಕಾಗಿ ಮರಳಿಸುವ ಕೈಗಳು ಇಂದಿಗೂ ಕಡಿಮೆ. ವರ್ಷಕ್ಕೆ ಒಂದು ದೋಷವನ್ನು ತಿಳಿಸಿದರೂ, ಹತ್ತು ಪದಗಳನ್ನು ಕನ್ನಡಿಸಿದರೂ, ಒಬ್ಬರಿಗೆ ಕೀಲಿಮಣೆಯಲ್ಲಿ ಕನ್ನಡ ಕಲಿಸಿದರೂ ನಮ್ಮ ಸಾಲದಲ್ಲಿ ಅಷ್ಟು ತೀರುತ್ತದೆ.